ಚುಕ್ಕಿ ಇಡುವ ಕೈ

ಬೆಂಗಳೂರಿನ ರಾಜಾಜಿನಗರದ ಚರಿತ್ರೆ ಬರೆಯುವವರು ಕಾರ್ಖಾನೆ, ಸೈಟು, ಅಡ್ಡರಸ್ತೆಗಳಿಂದ ಶುರುಮಾಡುತ್ತಾರೆ. 1949ರಲ್ಲಿ ಕೈಗಾರಿಕಾ ಉಪನಗರವಾಗಿ ಹುಟ್ಟಿದ ಬಡಾವಣೆಗೆ ಅದು ಸಹಜವೇ. ಆದರೆ ಕೇತಮಾರನಹಳ್ಳಿ, ಹೊಸಹಳ್ಳಿಗಳಂಥ ಊರುಗಳ ಸಗಣಿ ಸಾರಿಸಿದ ಅಂಗಳದಲ್ಲಿದ್ದ ಒಂದು ವಿದ್ಯೆ, ಹೊಲಗಳು ಸೈಟುಗಳಾದ ಮೇಲೂ ಸಿಮೆಂಟು ಮೆಟ್ಟಿಲಿಗೆ, ಡಾಂಬರಿನ ಅಂಚಿಗೆ ಸರಿದು ಉಳಿದುಕೊಂಡಿತು. ಅದು ಬಾಗಿಲ ಮುಂದಿನ ರಂಗೋಲಿ. ಶುಭದ ಗುರುತು ಎಂದು ಒಂದು ಸಾಲಿನಲ್ಲಿ ಅದನ್ನು ಮುಗಿಸಿಬಿಡುವುದು ವಾಡಿಕೆ. ನನಗೆ ಅದು ಸಾಲದು. ಸಂಗೀತದಂತೆಯೇ ನಿತ್ಯ ಸಾಧಕ ಬೇಡುವ ಕಲೆಯಿದು. ಗುರು, ಸಭೆ, ಚಪ್ಪಾಳೆ ಯಾವುದೂ ಇಲ್ಲದೆ ಹೆಂಗಸರು ತಮ್ಮ ಕೈಯ ಗುಣವನ್ನು ತಾವೇ ಕಂಡುಕೊಂಡ ಜಾಗವೂ ಹೌದು.

ಪುಡಿಯಲ್ಲಿ ಬಿಡಿಸುವುದೂ ಚಿತ್ರಕಲೆಯೇ ಎಂದು ಕನ್ನಡ ನೆಲ ಬಹಳ ಹಿಂದೆಯೇ ಒಪ್ಪಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ ಚಿತ್ರದ ಬಗೆಗಳನ್ನು ಹೇಳುವಾಗ ಧೂಳಿಚಿತ್ರವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅರಮನೆಯ ಧೂಳಿಚಿತ್ರವೇ ಬೀದಿಬಾಗಿಲಿಗೆ ಇಳಿದುಬಂತು ಎನ್ನಲು ಆ ಒಂದು ಮಾತು ಸಾಲದು, ಬಿಡಿ. ಇದು ಕಲೆ ಎನ್ನಲು ಗಟ್ಟಿ ಸಾಕ್ಷಿ ರಂಗೋಲಿಯ ಒಳಗೇ ಇದೆ. ‘15ರಿಂದ 8, ಸಂದು ಚುಕ್ಕಿ’ ಎಂದರೆ ನಡುಸಾಲಿಗೆ 15, ಮೇಲೂ ಕೆಳಗೂ ಒಂದೊಂದೇ ಇಳಿಸುತ್ತ 8ಕ್ಕೆ ನಿಲ್ಲಿಸಬೇಕು. ಒಟ್ಟು 169 ಚುಕ್ಕಿ. ಅಳತೆಪಟ್ಟಿ ಇಲ್ಲ, ಬಗ್ಗಿದ ಬೆನ್ನು, ಹೆಬ್ಬೆರಳು ತೋರುಬೆರಳ ನಡುವೆ ಜಾರುವ ಪುಡಿ, ಅಷ್ಟೆ. ಒಂದು ಸಾಲು ಸೊಟ್ಟಗಾದರೆ ಎಳೆ ಕೂಡುವುದಿಲ್ಲ. 1974ರಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಸಂಗಡಿಗರು ತಮಿಳರ ಕೋಲಂ ಹಿಂದಿನ ಕ್ರಮವನ್ನು ಗಣಕವಿಜ್ಞಾನದ ವ್ಯಾಕರಣವಾಗಿ ಬರೆದು ತೋರಿಸಿದರು. ನಮ್ಮ ಎಳೆ ರಂಗೋಲಿಯೂ ಅದೇ ಕುಲದ್ದು.

ಇದು ಕಲೆಯಲ್ಲ, ಹೆಣ್ಣಿನ ಮೇಲೆ ಹೇರಿದ ಚಾಕರಿ ಎಂಬ ಆಕ್ಷೇಪವುಂಟು. ಅದರಲ್ಲಿ ಸುಳ್ಳಿಲ್ಲ: ಬೆಳಗಾಗುವ ಮೊದಲು ಏಳಬೇಕಾದವಳು ಅವಳೇ, ಹಾಕದಿದ್ದರೆ ಮಾತು ಕೇಳಬೇಕಾದವಳೂ ಅವಳೇ. ಸೂತಕದ ಮನೆಯ ಬಾಗಿಲು ಬರಿದಾಗಿರಬೇಕೆಂಬ ಕಟ್ಟಳೆ ಬೇರೆ. ಆದರೆ ಹೊತ್ತನ್ನು ಗೊತ್ತುಮಾಡಿದ ಮನೆ ಎಳೆಯನ್ನು ಗೊತ್ತುಮಾಡಲಿಲ್ಲ. ಇವತ್ತು ಕಮಲವೋ ಬಳ್ಳಿಯೋ, ಎಲ್ಲಿ ತಿರುಗಿಸಬೇಕು, ಎಲ್ಲಿ ಬಿಡಬೇಕು ಎನ್ನುವುದು ಅವಳಿಗೇ ಬಿಟ್ಟದ್ದು. ದಿನವಿಡೀ ಪರರ ಇಷ್ಟದಂತೆ ನಡೆಯುವ ಬದುಕಿನಲ್ಲಿ ಆ ಕಾಲುಗಂಟೆಯ ಆಯ್ಕೆ ಸಣ್ಣದಲ್ಲ. ಅಚ್ಚಾದ ಪುಸ್ತಕ ನೋಡಿ ನಕಲು ಮಾಡುವುದು ಸೃಷ್ಟಿಯೇ ಎಂದೂ ಕೇಳಬಹುದು. ಮಾದರಿ ಒಂದೇ ಇರಲಿ, ಇಬ್ಬರ ಎಳೆ ಒಂದೇ ಆಗದು. ಕೈಬರಹದ ಹಾಗೆ ಅದು ಆಳನ್ನು ಹೇಳಿಬಿಡುತ್ತದೆ. ಅದೂ ಸಂಜೆಯೊಳಗೆ ಅಳಿಸಿಹೋಗುವುದರಿಂದ ನಿನ್ನೆಯ ತಪ್ಪನ್ನು ಇಂದು ತಿದ್ದಲು ಜಾಗ ಸಿಗುತ್ತದೆ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಈ ಅನುಕೂಲವಿಲ್ಲ. ತೂತಿನ ತಟ್ಟೆ, ಅಂಟಿಸುವ ಸ್ಟಿಕ್ಕರ್ ರಂಗೋಲಿಗಳ ಮೇಲೆ ನನ್ನ ತಕರಾರು ಇಷ್ಟೇ: ಅವು ಬಾಗಿಲನ್ನು ಸಿಂಗರಿಸುತ್ತವೆ, ಕೈಗೆ ಏನನ್ನೂ ಕಲಿಸುವುದಿಲ್ಲ.

ಅಳಿಯುವ ಕಲೆಗೆ ದಾಖಲೆ ಎಂದರೆ ರೂಲು ಎಳೆದ ನೋಟುಬುಕ್ಕುಗಳಲ್ಲಿ ಪೆನ್ಸಿಲಿನಿಂದ ಬರೆದಿಟ್ಟ ಚುಕ್ಕಿಗಳು ಮಾತ್ರ. ವಿಜಯನಗರವೋ ಕೆಂಗೇರಿಯೋ, ನಿಮ್ಮ ಮನೆಯಲ್ಲಿ ಅಂಥದ್ದೊಂದು ಇದ್ದರೆ ರದ್ದಿಗೆ ಹಾಕಬೇಡಿ. ಬಿಡಿಸಿದವರ ಹೆಸರು, ಊರು, ವರ್ಷಗಳನ್ನು ಮೊದಲ ಪುಟದಲ್ಲಿ ಬರೆದಿಡಿ.