ಚಹರೆ ಮತ್ತು ಕೋಶ

2003ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಶ್ವಾಸಕೋಶದ ಕ್ಯಾನ್ಸರಿಗೆ ಗೆಫಿಟಿನಿಬ್ ಎಂಬ ಮಾತ್ರೆಯನ್ನು ಒಪ್ಪಿತು. ಹತ್ತು ಮಂದಿಗೆ ಕೊಟ್ಟರೆ ಹೆಚ್ಚುಕಡಿಮೆ ಒಬ್ಬರ ಗಡ್ಡೆ ಕುಗ್ಗುತ್ತಿತ್ತು, ಕೆಲವೊಮ್ಮೆ ಬೆರಗಾಗುವಷ್ಟು ಬೇಗ. ಆ ಒಬ್ಬರು ಯಾರೆಂದು ಮೊದಲೇ ತಿಳಿಯುವ ದಾರಿ ಇರಲಿಲ್ಲ. ಹೆಂಗಸರಿಗೆ, ಧೂಮಪಾನ ಮಾಡದವರಿಗೆ, ಪೂರ್ವ ಏಷ್ಯಾದವರಿಗೆ ಹೆಚ್ಚು ಫಲಿಸುತ್ತದೆ ಎಂದು ವೈದ್ಯರು ಚಹರೆ ನೋಡಿ ಊಹಿಸುತ್ತಿದ್ದರು.

ಉತ್ತರ ಹಳೆಯ ಸಂಗ್ರಹದಲ್ಲೇ ಇತ್ತು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಥಾಮಸ್ ಲಿಂಚ್, ಡೇನಿಯಲ್ ಹೇಬರ್ ಮತ್ತು ಸಂಗಡಿಗರು ರೋಗಪತ್ತೆಗೆಂದು ಹಿಂದೆ ತೆಗೆದಿದ್ದ ಗಡ್ಡೆಯ ತುಣುಕುಗಳನ್ನು ಮತ್ತೆ ಕೈಗೆತ್ತಿಕೊಂಡರು. ಮಾತ್ರೆ ಫಲಿಸಿದ 9 ಮಂದಿಯಲ್ಲಿ 8 ಮಂದಿಯ ಗಡ್ಡೆಯೊಳಗೆ ಇಜಿಎಫ್‌ಆರ್ ಎಂಬ ಜೀನ್ ಬದಲಾಗಿತ್ತು. ಫಲಿಸದ 7 ಮಂದಿಯಲ್ಲಿ ಒಬ್ಬರಲ್ಲೂ ಇಲ್ಲ. ಕೋಶಕ್ಕೆ ಬೆಳೆಯುವ ಸೂಚನೆ ಮುಟ್ಟಿಸುವ ಪ್ರೋಟೀನಿನ ಬರಹ ಈ ಜೀನ್. ಅದರ 19ನೇ ಖಂಡದಲ್ಲಿ ಕೆಲವರಿಗೆ ಹಲವು ಅಕ್ಷರಗಳು ಬಿಟ್ಟುಹೋಗಿದ್ದವು, 21ನೇ ಖಂಡದಲ್ಲಿ ಇನ್ನು ಕೆಲವರಿಗೆ ಒಂದೇ ಅಕ್ಷರ ಬದಲಾಗಿತ್ತು. ಸಂಧಿಯ ಪಾಠ ನೆನಪಿದ್ದವರು ಇವನ್ನು ಲೋಪ, ಆದೇಶ ಎಂದಾರು. ಇದು 2004ರ ಮಾತು. ಅದೇ ವರ್ಷ ಬೇರೆ ಎರಡು ತಂಡಗಳೂ ಇದನ್ನೇ ಕಂಡವು.

ಆದರೂ ಚಹರೆಯ ಮೋಹ ಕೂಡಲೇ ಬಿಡಲಿಲ್ಲ. ಹಾಂಗ್‌ಕಾಂಗಿನ ಟೋನಿ ಮೋಕ್ ಮುಂದಾಳಾಗಿ 2009ರಲ್ಲಿ ಪ್ರಕಟಿಸಿದ ಐಪಾಸ್ ಅಧ್ಯಯನ, ಪೂರ್ವ ಏಷ್ಯಾದಲ್ಲಿ ಧೂಮಪಾನ ಮಾಡದ ಅಥವಾ ಅಲ್ಪಸ್ವಲ್ಪ ಮಾಡಿ ಬಿಟ್ಟಿದ್ದ 1217 ಮಂದಿಯನ್ನೇ ಆರಿಸಿಕೊಂಡಿತ್ತು. ಜೀನ್ ಪರೀಕ್ಷೆಯ ಫಲಿತಾಂಶ ಸಿಕ್ಕಿದ್ದು 437 ಮಂದಿಯದು. ಅವರಲ್ಲಿ 176 ಮಂದಿಗೆ ಬದಲಾವಣೆಯೇ ಇರಲಿಲ್ಲ. ಇಂಥವರಲ್ಲಿ ಗೆಫಿಟಿನಿಬ್ ತೆಗೆದುಕೊಂಡವರ ಗಡ್ಡೆ ಕುಗ್ಗಿದ್ದು 100ಕ್ಕೆ ಒಬ್ಬರಂತೆ. ಬದಲಾವಣೆ ಇದ್ದವರಲ್ಲಿ 100ಕ್ಕೆ 71. ಚಹರೆ ನಂಬಿ ಮಾತ್ರೆ ಕೊಟ್ಟಿದ್ದರೆ ಆ 176 ಮಂದಿಗೆ ಕಿಮೊಥೆರಪಿಯ ಹೊತ್ತೂ ಕೈತಪ್ಪುತ್ತಿತ್ತು.

ನನ್ನನ್ನು ಕಾಡುವುದು ಲೆಕ್ಕಕ್ಕೆ ಸಿಗದ ಉಳಿದ 780 ಮಂದಿ. ಎದೆಯಾಳದ ಗಡ್ಡೆಯಿಂದ ತುಣುಕು ತೆಗೆಯುವುದು ಎಲ್ಲರಲ್ಲೂ ಸಾಧ್ಯವಿಲ್ಲ. ಎಷ್ಟೋ ಸಲ ಸೂಜಿಯಲ್ಲಿ ಹೀರಿದ, ಇಲ್ಲವೇ ಎದೆಯಲ್ಲಿ ತುಂಬಿದ ನೀರಿನಲ್ಲಿ ಸಿಕ್ಕ ಬಿಡಿ ಕೋಶಗಳಷ್ಟೇ ಗತಿ. 2013ರ ಅಂತಾರಾಷ್ಟ್ರೀಯ ಮಾರ್ಗಸೂಚಿ, ಗಾಜಿನ ಮೇಲೆ ಸವರಿದ ಕೋಶಗಳಿಗಿಂತ ಮೇಣದಲ್ಲಿ ಕೂರಿಸಿದವೇ ಮೇಲು ಎಂದಿತ್ತು. 2018ರದ್ದು ಎರಡನ್ನೂ ಒಪ್ಪಿತು. ಆದರೆ ಸ್ಲೈಡಿನಿಂದ ಡಿಎನ್‌ಎ ತೆಗೆಯಬೇಕಾದರೆ ಕೋಶಗಳನ್ನು ಕೆರೆದುಕೊಳ್ಳಬೇಕು. ರೋಗ ಪತ್ತೆಯಾದ ಮೂಲ ದಾಖಲೆ ಅಲ್ಲಿಗೆ ಅಳಿಯುತ್ತದೆ. ಅದಕ್ಕೇ ಕೆರೆಯುವ ಮುನ್ನ ಅದರ ಚಿತ್ರ ತೆಗೆದಿಡುವ ರೂಢಿಯಿದೆ.