ಗಂಧದೆಣ್ಣೆಯ ಪೂರ್ವಕಥೆ

ಕೋಣನಕುಂಟೆ ಕ್ರಾಸಿನಲ್ಲಿ ಮೆಟ್ರೋ ಏರಿ ಉತ್ತರಾಭಿಮುಖವಾಗಿ ಹೊರಟವರಿಗೆ, ಮಹಾಲಕ್ಷ್ಮಿ ನಿಲ್ದಾಣವನ್ನು ದಾಟಿದೊಡನೆ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂಬ ನಿಲ್ದಾಣವು ಎದುರಾಗುತ್ತದೆ. ಉದ್ವಿಗ್ನ ಚಿತ್ತವನ್ನು ತಣಿಸಲೆಂದು ನಗರದ ಜನರು ಇಂದು ಪುಟ್ಟ ಸೀಸೆಗಳಲ್ಲಿ ಕೊಂಡೊಯ್ಯುವ ಸುಗಂಧತೈಲಗಳ ಪೈಕಿ ಕನ್ನಡನಾಡು ತನ್ನದೆಂದು ಹೇಳಿಕೊಳ್ಳಬಹುದಾದ ಗಂಧದೆಣ್ಣೆಯ ಚರಿತ್ರೆಗೆ ಆ ಹೆಸರೊಂದು ಕುರುಹು.

ಎಣ್ಣೆಗಿಂತ ಮೊದಲಿನದು ತೇಯ್ದ ಗಂಧ. ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಕೊರಡನ್ನು ಸುತ್ತಿಸುತ್ತಾ ತೇಯುತ್ತಿರಲು, ಬರಿಯ ನೀರಾಗಿದ್ದುದು ಕ್ರಮೇಣ ಮಂದವಾಗಿ, ನಸುಹಳದಿಯ ಲೇಪವಾಗಿ ಕೂಡಿಬರುವುದು; ಹಣೆಗಿಟ್ಟ ಕ್ಷಣದಲ್ಲಿಯೇ ಅದರ ತಂಪು ಅನುಭವಕ್ಕೆ ಬರುವುದು. ಆಯುರ್ವೇದವು ಚಂದನವನ್ನು ಶೀತವೀರ್ಯವೆಂದೆಣಿಸಿ ದಾಹಕ್ಕೂ ಪಿತ್ತಪ್ರಕೋಪಕ್ಕೂ ವಿಧಿಸಿತು. ಘ್ರಾಣದ ನರಗಳು ಮೆದುಳಿನ ಭಾವಕೇಂದ್ರಗಳನ್ನು ಬಹು ಸಮೀಪದ ಹಾದಿಯಿಂದ ಸೇರುತ್ತವೆಂದು ಇಂದಿನ ಶರೀರಶಾಸ್ತ್ರವು ಹೇಳುವುದಾದರೂ, ಗಂಧದೆಣ್ಣೆಯನ್ನು ನರವ್ಯಾಧಿಗಳ ಸಿದ್ಧೌಷಧವೆಂದು ಸಾರುವುದು ಸಲ್ಲದು. ಅದರ ಗುಣ ದೊಡ್ಡದು, ಆ ಗುಣಕ್ಕೆ ಸುಳ್ಳಿನ ಆಸರೆ ಬೇಕಿಲ್ಲ.

1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು; ಮುಂದೆ ಬಂದ ಒಡೆಯರ ಸರ್ಕಾರವೂ ಆ ಹಕ್ಕನ್ನು ಬಿಟ್ಟುಕೊಡಲಿಲ್ಲ. ಗಂಧದ ಕೋಠಿಗಳಲ್ಲಿ ಹರಾಜಾದ ಕೊರಡು ಹಡಗೇರಿ ಯೂರೋಪಿಗೆ, ಮುಖ್ಯವಾಗಿ ಜರ್ಮನಿಗೆ ಸಾಗಿ, ಅಲ್ಲಿ ಎಣ್ಣೆಯಾಗುತ್ತಿದ್ದಿತು. 1914ರ ಮಹಾಯುದ್ಧವು ಆ ಹಾದಿಯನ್ನು ಮುಚ್ಚಿ, ಕೊಳ್ಳುವವರಿಲ್ಲದೆ ಕೊರಡು ರಾಶಿಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಕೈಗಾರಿಕಾ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್ನರ ಉದ್ಯಮದಿಂದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್ಬರೋ ಮತ್ತು ವಾಟ್ಸನ್ನರು ಎಣ್ಣೆಯ ಭಟ್ಟಿ ಇಳಿಸುವ ಕ್ರಮವನ್ನು ಸಾಧಿಸಿಕೊಟ್ಟರು. ಚೇಗನ್ನೂ ಬೇರನ್ನೂ ಪುಡಿಗೈದು, ಹಬೆ ಹಾಯಿಸಿ, ತಣಿದಿಳಿದ ನೀರಿನಿಂದ ಎಣ್ಣೆಯನ್ನು ಬೇರ್ಪಡಿಸುವ ಆ ಕೆಲಸವು 1916ರಲ್ಲಿ ಸಂಸ್ಥಾನದ ಉದ್ದಿಮೆಯಾಯಿತು. ಸಾಬೂನು ಅದರ ಬೆನ್ನಿಗೇ ಬಂದಿತು.

ಈ ಕೀರ್ತಿಯ ಹೊರೆಯನ್ನು ಹೊತ್ತವನು ರೈತ. ತನ್ನ ಹೊಲದಲ್ಲಿ ತಾನಾಗಿ ಹುಟ್ಟಿದ ಮರವು ಸರ್ಕಾರದ್ದು, ಅದು ಕಳುವಾದರೆ ಜವಾಬ್ದಾರಿ ಮಾತ್ರ ತನ್ನದು ಎಂದಾದ ಮೇಲೆ, ಹಕ್ಕಿ ತಂದು ಬಿತ್ತಿದ ಸಸಿಯನ್ನು ಮೊಳಕೆಯಲ್ಲಿಯೇ ಕಿತ್ತೆಸೆಯದೆ ಅವನು ಮತ್ತೇನು ಮಾಡಬೇಕಿತ್ತು? ನೆಲದೊಡೆಯನಿಗೆ ತನ್ನ ನೆಲದ ಗಂಧದ ಮರದ ಮೇಲೆ ಹಕ್ಕನ್ನು ಕೊಡುವ ತಿದ್ದುಪಡಿಯು ಕರ್ನಾಟಕ ಅರಣ್ಯ ಕಾಯ್ದೆಗೆ ಬಂದದ್ದು 2001ರಲ್ಲಿ. ಅಷ್ಟರಲ್ಲಿ ಕಾಡಿನ ಗಂಧವು ಬಹುಮಟ್ಟಿಗೆ ಬರಿದಾಗಿತ್ತು.