ಸಹಿಯಿಲ್ಲದ ಕಾಗದಗಳು

ಬಾದಾಮಿಗೆ ಬರುವವರು ಗುಹೆಗಳನ್ನು ನೋಡಿ ಹೊರಡುತ್ತಾರೆ, ಚಾಲುಕ್ಯರ ನಂತರ ಈ ಊರಿಗೆ ಚರಿತ್ರೆಯೇ ಇಲ್ಲವೆಂಬಂತೆ. 1786ರ ಮೇ ತಿಂಗಳಲ್ಲಿ ಟಿಪ್ಪುವಿನ ವಶದಲ್ಲಿದ್ದ ಇಲ್ಲಿನ ಕೋಟೆಯನ್ನು ಮರಾಠರ ಮತ್ತು ನಿಜಾಮನ ಸೇನೆಗಳು ಗೆದ್ದವು. ಅದರ ಹಿಂದಿನ ವರ್ಷ ಹತ್ತಿರದ ನರಗುಂದಕ್ಕೆ ಮುತ್ತಿಗೆ ಹಾಕಿದ್ದವನು ಟಿಪ್ಪುವಿನ ಭಾವಮೈದುನ ಬುರ್ಹಾನುದ್ದೀನ್. ಅವನಿಗೆ ಸುಲ್ತಾನ ಬರೆದ ಕಾಗದಗಳನ್ನು ಇಂದಿಗೂ ಓದಬಹುದು, ಇಂಗ್ಲಿಷಿನಲ್ಲಿ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯ ಪಾರಸಿ ಕಡತಗಳು ಕಂಪನಿಯ ಕೈಸೇರಿದವು. ವಿಲಿಯಂ ಕರ್ಕ್‌ಪ್ಯಾಟ್ರಿಕ್ ಅವುಗಳಿಂದ ಕೆಲವನ್ನು ಆರಿಸಿ, ಅನುವಾದಿಸಿ 1811ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಅವನಿಗೆ ಸಿಕ್ಕಿದ್ದು ದಫ್ತರದಲ್ಲಿ ಉಳಿದ ನಕಲುಗಳು. ಸಹಿ ಬಿದ್ದ ಹಾಳೆ ಎಂದೋ ದೂತನ ಜೊತೆ ಹೊರಟುಹೋಗಿತ್ತು. ದೊಡ್ಡವರ ಸಹಿ ಕೂಡಿಡುವ ಹವ್ಯಾಸಿಗಳಿಗೆ ಇಂಥ ನಕಲು ಬೇಡ. ನನ್ನಂಥವರಿಗೆ ಅದೇ ಬಂಡವಾಳ.

ತೊಡಕಿರುವುದು ಆಯ್ಕೆಯಲ್ಲಿ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಿದವನು ಟಿಪ್ಪುವನ್ನು ಕ್ರೂರಿಯೆಂದೇ ಬಗೆದಿದ್ದ ಕಂಪನಿಯ ಅಧಿಕಾರಿ. ಅಲ್ಲದೆ ಆ ಸಂಪುಟದಲ್ಲಿರುವುದು ಸುಲ್ತಾನನ ಕಾಗದಗಳು. ಡೇರೆಯಲ್ಲಿ ಕೂತು ಬುರ್ಹಾನುದ್ದೀನ್ ಬರೆದ ಉತ್ತರಗಳಿಗೆ ಅಲ್ಲಿ ಜಾಗವಿಲ್ಲ. ನರಗುಂದದ ಬಗ್ಗೆ ಬರೆಯಲು ಕೂತಾಗಲೆಲ್ಲ ಅರ್ಧ ಮಾತುಕತೆಯಿಂದಲೇ ಶುರುಮಾಡುತ್ತೇನೆ.